ಇಸ್ತ್ರಿಯ ಮೂತಿ ಗೋಡೆಗೆ

ಯೆತೆರ್ ಸತ್ತಳು. ರಂಜಾನ್ ಮುಗಿದು ಬರುವ ಸಕ್ಕರೆ ಹಬ್ಬಕ್ಕೆ ಇನ್ನೆರಡು ದಿನವಿತ್ತು. ಇಸ್ತಾಂಬುಲಿನ ಉಸ್ಕುದಾರಿನಲ್ಲಿ, ನಮ್ಮ ಬೀದಿಯ ಮೂಲೆಯಲ್ಲಿದ್ದ ನಾಲ್ಕಂತಸ್ತಿನ ಬಟ್ಟೆ ಅಂಗಡಿಗೆ ಮಧ್ಯಾಹ್ನ ಮೂರೂಮುಕ್ಕಾಲಿಗೆ ಮೂವರು ಪೆಟ್ರೋಲ್ ಬಾಟಲಿಗಳನ್ನು ಎಸೆದು ಓಡಿಹೋದರು. ಒಳಗೆ ಹನ್ನೊಂದು ಜನ ಸತ್ತರು. ಪೂರ್ವದ ಬೆಟ್ಟಗಳಲ್ಲಿ ಬಂದೂಕು ಹಿಡಿದ ಕುರ್ದ್ ಬಂಡುಕೋರರ ಪರವಾಗಿ ಯಾರೋ ಮರುದಿನ ಪತ್ರಿಕೆಗಳಿಗೆ ಫೋನ್ ಮಾಡಿ, ಇದು ಸೈನ್ಯ ಕುರ್ದ್ ಹಳ್ಳಿಗಳನ್ನು ಸುಟ್ಟದ್ದಕ್ಕೆ ಉತ್ತರ ಎಂದರು.

ಪತ್ರಿಕೆಯಲ್ಲಿ ಹತ್ತು ಜನರ ಹೆಸರೂ ಫೋಟೋವೂ ಬಂದವು. ಯೆತೆರಳದು ಕೆಳಗೆ, ಬೇರೆ ಪ್ಯಾರಾದಲ್ಲಿ, ಫೋಟೋ ಇಲ್ಲದೆ. ‘ಬೆಂಕಿ ಹೊತ್ತಿದ ಬಳಿಕ ಕಟ್ಟಡದೊಳಕ್ಕೆ ಓಡಿದ, ಪೂರ್ವ ಪ್ರಾಂತ್ಯ ಮೂಲದ ಉದ್ಯೋಗಿಯೊಬ್ಬಳ ಪಾತ್ರದ ಕುರಿತು ತನಿಖೆ ನಡೆದಿದೆ.’ ಇಷ್ಟೇ.

ಅವಳು ಯಾಕೆ ಒಳಕ್ಕೆ ಓಡಿದಳೆಂದು ನನಗೆ ಗೊತ್ತಿತ್ತು. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಬಹಳ ದಿನ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆ ಅಂಗಡಿಯ ಎದುರಿಗೇ ನನ್ನದು ದಾರ, ಗುಂಡಿ, ಜಿಪ್ಪು ಮಾರುವ ಸಣ್ಣ ಅಂಗಡಿ. ಹನ್ನೊಂದು ವರ್ಷ ಯೆತೆರ್ ದಿನಕ್ಕೆ ಒಂದು ಸಲವಾದರೂ ಬೀದಿ ದಾಟಿ ಬರುತ್ತಿದ್ದಳು. ಅವಳ ಕೆಲಸದ ಜಾಗ ಎಲ್ಲಕ್ಕಿಂತ ಮೇಲಿನ ಅಂತಸ್ತು. ಗಿರಾಕಿಗಳು ಕೆಳಗೆ ಕೊಂಡ ಪ್ಯಾಂಟು, ಕೋಟು, ಲಂಗಗಳನ್ನು ಅವರವರ ಅಳತೆಗೆ ಕತ್ತರಿಸಿ, ಮಡಚಿ, ಹೊಲಿದು, ಇಸ್ತ್ರಿ ಹಾಕಿ ಇಳಿಸಬೇಕು. ಎರಡು ಮಿಷನ್ನು, ಒಂದು ಮೇಜು, ಕಬ್ಬಿಣದ ಸರಳು ಹಾಕಿದ ಒಂದು ಕಿಟಕಿ. ಆ ಕಿಟಕಿ ನನ್ನ ಗಲ್ಲಾದಿಂದ ನೇರ ಕಾಣುತ್ತಿತ್ತು. ಅದು ಚಳಿಗಾಲದಲ್ಲೂ ಅರ್ಧ ತೆರೆದೇ ಇರುತ್ತಿತ್ತು. ಇಸ್ತ್ರಿಯ ಹಬೆಗೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು.

ಹುಟ್ಟಿದ್ದು ದಿಯಾರ್‌ಬಕಿರಿನ ಆಚೆಯ ಒಂದು ಕುರ್ದ್ ಹಳ್ಳಿಯಲ್ಲಿ, ಐದನೆಯ ಹೆಣ್ಣಾಗಿ. ಇನ್ನು ಹೆಣ್ಣು ಸಾಕು ಎಂದು ತಂದೆ ಅವಳಿಗೆ ‘ಸಾಕು’ ಎಂದೇ ಹೆಸರಿಟ್ಟ. ಮನೆಯಲ್ಲಿ ಅವರ ಭಾಷೆಯಲ್ಲಿ ಬೆಸೆ. ದಾಖಲೆಯಲ್ಲಿ ಸರ್ಕಾರದ ತುರ್ಕಿ ಭಾಷೆಯಲ್ಲಿ ಯೆತೆರ್. ನಮ್ಮ ಕಡೆಯೂ ಆ ಹೆಸರಿನವರು ಬೀದಿಗೊಬ್ಬರಿದ್ದಾರೆ, ಯಾರೂ ನಗುವುದಿಲ್ಲ. ಅವಳ ನಂತರ ಹುಟ್ಟಿದ್ದು ಗಂಡು, ಶೆಮೋ. ಹೀಗಾಗಿ ತನ್ನ ಹೆಸರು ಕೆಲಸ ಮಾಡಿತು ಎಂದು ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಹದಿಮೂರನೆಯ ವಯಸ್ಸಿಗೆ ಚಿಕ್ಕಪ್ಪನ ಜೊತೆ ಇಸ್ತಾಂಬುಲಿಗೆ ಬಂದು ಬೆಯೋಗ್ಲುವಿನ ಒಂದು ಓಣಿಯಲ್ಲಿ ಮದಾಮ್ ಅರಾಕ್ಸಿ ಎಂಬ ಅರ್ಮೇನಿಯನ್ ಹೊಲಿಗೆಯಾಕೆಯ ಬಳಿ ಸೇರಿದಳು. ಎರಡನೆಯ ವರ್ಷ ಯಾರದೋ ನಿಶ್ಚಿತಾರ್ಥದ ಉಡುಪಿನ ಮೇಲೆ ಬಿಸಿ ಇಸ್ತ್ರಿ ಬಿಟ್ಟು ರೊಟ್ಟಿ ತರಲು ಹೋದಳು. ಬರುವಷ್ಟರಲ್ಲಿ ಉಡುಪು ಹೋಗಿತ್ತು, ಮೇಜು ಹೋಗಿತ್ತು, ಪರದೆ ಉರಿಯುತ್ತಿತ್ತು. ಮದಾಮ್ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೆಂಕಿ ಆರಿದ ಮೇಲೆ ಸುಟ್ಟ ಮೇಜಿನ ಮುಂದೆ ಅವಳನ್ನು ನಿಲ್ಲಿಸಿ, ತಣ್ಣಗಿದ್ದ ಇಸ್ತ್ರಿಯನ್ನು ಕೈಗೆ ಕೊಟ್ಟು, ಒಂದೇ ಕೆಲಸವನ್ನು ನೂರು ಸಲ ಮಾಡಿಸಿದರಂತೆ. ಪ್ಲಗ್ ಕೀಳು. ವಯರನ್ನು ಹಿಡಿಗೆ ಮೂರು ಸುತ್ತು ಸುತ್ತು. ಎತ್ತಿ ನಿಲ್ಲಿಸಿ ಅದರ ಮೂತಿಯನ್ನು, ಅಂದರೆ ಕಾಯುವ ತಳವನ್ನು, ಗೋಡೆಗೆ ತಿರುಗಿಸು. ಮೂತಿ ಕೋಣೆಯ ಕಡೆಗಿದ್ದರೆ ಇಸ್ತ್ರಿ ಇನ್ನೂ ಕೆಲಸದಲ್ಲಿದೆ. ಗೋಡೆಯ ಕಡೆಗಿದ್ದರೆ ಮಾತ್ರ ನೀನು ಹೊಸ್ತಿಲು ದಾಟಬಹುದು.

ಅಂದಿನಿಂದ ಯೆತೆರಳಿಗೆ ಅದೊಂದು ರೋಗವೇ ಆಯಿತು. ಸಂಜೆ ಕೆಲಸ ಮುಗಿಸಿ ಬೀದಿಗೆ ಇಳಿದವಳು ನನ್ನ ಅಂಗಡಿಯವರೆಗೆ ಬಂದು ನಿಂತುಬಿಡುತ್ತಿದ್ದಳು.

“ಅಕ್ಕಾ, ಮೂತಿ ತಿರುಗಿಸಿದ್ನಾ?”

“ನಂಗೇನೇ ಗೊತ್ತು? ನಾನೇನ್ ನಿನ್ ಇಸ್ತ್ರಿಗೆ ಅತ್ತೇನಾ?”

“ಒಂದ್ ನಿಮಿಷ, ಈ ಚೀಲ ಹಿಡ್ಕೋ.”

ಮತ್ತೆ ಮೂರು ಮಹಡಿ ಹತ್ತಿ, ನೋಡಿ, ಏದುಸಿರು ಬಿಡುತ್ತ ಇಳಿದು ಬರುವಳು. ಒಮ್ಮೆ ದೋಣಿಕಟ್ಟೆಯಿಂದ ವಾಪಸ್ಸು ಬಂದಿದ್ದಳು. ಒಮ್ಮೆ ದೋಣಿ ಹತ್ತಿ ಜಲಸಂಧಿಯ ಆಚೆ ದಡ ಮುಟ್ಟಿ ಅಲ್ಲಿಂದ. ಒಂದು ಸಲವೂ ಇಸ್ತ್ರಿಯ ಮೂತಿ ಕೋಣೆಯ ಕಡೆಗಿರಲಿಲ್ಲ. ಆದರೂ ಹತ್ತುತ್ತಿದ್ದಳು. ಬೀದಿಗೆಲ್ಲ ಅದು ತಮಾಷೆಯ ವಿಷಯ. ಚಹಾದ ಶಾಬಾನ್ ತಟ್ಟೆ ಹಿಡಿದು ಹೋಗುತ್ತಾ ಕೂಗುತ್ತಿದ್ದ: “ಯೆತೆರ್ ಉಸ್ತಾದ್, ಹೊಗೆ ಬರ್ತಾ ಇದೆ!” ಅವಳು ಅವನಿಗೆ ಕತ್ತರಿ ತೋರಿಸುತ್ತಿದ್ದಳು. ನನ್ನ ಬಾಯಲ್ಲೂ ದಿನಾ ಅದೇ. ಅವಳು ಹೊಸ್ತಿಲು ತುಳಿದರೆ ಸಾಕು, ನಮಸ್ಕಾರಕ್ಕೆ ಮೊದಲು “ಇಸ್ತ್ರಿ ತೆಗ್ದು ಬಂದ್ಯಾ?” ಅವಳು ಬೆರಳು ಮಡಚುತ್ತಾ ಹೇಳುವಳು, “ಕಿತ್ತೆ, ಸುತ್ತಿದೆ, ತಿರುಗಿಸಿದೆ.”

ಓದು ಬರುತ್ತಿರಲಿಲ್ಲ. ಗಿರಾಕಿ ಇಲ್ಲದಾಗ ನಾನು ಗಲ್ಲಾದ ಹಿಂದೆ ಕಾದಂಬರಿ ಓದುವುದನ್ನು ನೋಡಿ, “ಜೋರಾಗಿ ಓದು, ನಂಗೂ ಇರ್ಲಿ” ಎನ್ನುತ್ತಿದ್ದಳು. ಓದಿದರೆ ನಡುವೆ ಬಾಯಿ ಹಾಕುವಳು. ನಾಯಕಿ ಮಳೆಯಲ್ಲಿ ನೆನೆದು ಅಳುತ್ತಿದ್ದರೆ ಇವಳ ಪ್ರಶ್ನೆ: “ಕೋಟಿಗೆ ಲೈನಿಂಗ್ ಇತ್ತಾ?”

“ಬರೆದಿಲ್ಲ ಕಣೇ.”

“ಅದನ್ನೇ ಬರೀದೆ ಇನ್ನೇನ್ ಬರ್ದಿದಾನೆ? ಲೈನಿಂಗ್ ಇದ್ರೆ ಅಷ್ಟೊಂದ್ ನೆನೆಯಲ್ಲ.”

ಮೈಮೇಲಿರುವ ಬಟ್ಟೆಗೆ ಸೂಜಿ ಹಾಕುವಾಗ ಹಾಕಿಸಿಕೊಳ್ಳುವವರು ಬಾಯಲ್ಲಿ ಒಂದು ತುಂಡು ದಾರ ಕಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಅದೃಷ್ಟವನ್ನೂ ಸೇರಿಸಿ ಹೊಲಿದುಬಿಡುತ್ತೇವೆ ಎಂಬುದು ನಮ್ಮಲ್ಲಿ ಎಲ್ಲರೂ ನಡೆಸುವ ಪದ್ಧತಿ. ಯೆತೆರ್ ಇದರಲ್ಲಿ ಬಲು ಕಟ್ಟುನಿಟ್ಟು. ಅಂಗಡಿಯ ಯಜಮಾನ ನೆಜ್ದೆತ್ ಸಾಹೇಬರು ಒಮ್ಮೆ ಮದುವೆಗೆ ಹೊರಟವರು ಕೋಟಿನ ಗುಂಡಿ ಕಿತ್ತುಕೊಂಡು ನನ್ನ ಅಂಗಡಿಗೆ ಬಂದರು. ಯೆತೆರ್ ಅಲ್ಲೇ ಇದ್ದಳು.

“ಹೊಲಿತೀನಿ ಸಾಹೇಬ್ರೆ, ದಾರ ಕಚ್ಕೊಳ್ಳಿ.”

“ಏಯ್, ನಂಗೇನು ಹೆಂಗಸರ ಶಾಸ್ತ್ರ?”

“ಹಂಗಾದ್ರೆ ಗುಂಡಿ ಇಲ್ದೆ ಹೋಗಿ.”

ಕಚ್ಚಿಕೊಂಡರು. ಅವರು ಬಾಯಿ ಮುಚ್ಚಿ ನಿಂತದ್ದನ್ನು ಬೀದಿಯಲ್ಲಿ ಅಂದೇ ನಾವು ಮೊದಲು ನೋಡಿದ್ದು. ಯೆತೆರ್ ಸೂಜಿಯನ್ನು ಬೇಕೆಂದೇ ನಿಧಾನಕ್ಕೆ ಆಡಿಸಿದಳು.

“ಸಾಹೇಬ್ರೆ, ಮೆಟ್ಟಿಲ ಹಿಂದಿನ ಬಾಗಿಲಿಗೆ ಬೀಗ ಹಾಕಿದೀರಿ. ಕೀಲಿ ನಿಮ್ಮ ಮನೇಲಿ. ಕಿಟಕಿಗೆಲ್ಲಾ ಸರಳು. ಮೇಲೆ ನನ್ ಹತ್ರ ಬಿಸಿ ಇಸ್ತ್ರಿ ಇದೆ. ನಾಳೆ ಏನಾದ್ರೂ ಆದ್ರೆ ನಾವೇನು ಹಕ್ಕಿ ಥರ ಹಾರೋದಾ? ಕೀಲಿ ಒಂದು ನಂಗೆ ಕೊಡಿ.”

ಸಾಹೇಬರು ಹುಬ್ಬು ಗಂಟಿಕ್ಕಿದರು, ಮೂಗಿನಲ್ಲೇ ಏನೋ ಹೇಳಿದರು. ನಾನು ಗಲ್ಲಾದ ಕೆಳಗೆ ಬಗ್ಗಿ ನಕ್ಕೆ. ದಾರ ಉಗುಳಿದ ಮೇಲೆ ಅವರು ಹೇಳಿದ್ದು: “ಹಿಂದಿನ ಬಾಗ್ಲು ತೆರೆದಿದ್ರೆ ಕಳ್ಳರು ಅಂಗಡೀನೇ ಹೊತ್ಕೊಂಡ್ ಹೋಗ್ತಾರೆ. ಕೀಲಿ ನಿನಗ್ಯಾಕಮ್ಮಾ?” ಆಮೇಲೂ ಅವಳು ತಿಂಗಳಿಗೊಮ್ಮೆ ಕೀಲಿ ಕೇಳುತ್ತಲೇ ಇದ್ದಳು.

ಎರಡು ವರ್ಷದ ಹಿಂದೆ ಅವಳ ಹಳ್ಳಿಯನ್ನು ಖಾಲಿ ಮಾಡಿಸಿದರು. ಅದನ್ನು ಅವಳು ನನಗೆ ಮಾತ್ರ ಹೇಳಿದಳು, ಕೋಟಿನ ಗುಂಡಿ ಆರಿಸುತ್ತಾ.

“ಅಮ್ಮ ಬಂದಿದಾಳೆ ಅಕ್ಕಾ. ಒಂದು ರಜಾಯಿ, ಒಂದು ಡಬ್ಬಿ ಹಿಪ್ಪುನೇರಳೆ ಪಾಕ. ಮನೆ ಹೋಯ್ತು.”

“ಯಾರು ಸುಟ್ಟಿದ್ದು?”

“ಸಮವಸ್ತ್ರದೋರು.” ಒಂದು ಗುಂಡಿಯನ್ನು ಬೆಳಕಿಗೆ ಹಿಡಿದಳು. “ಇದರಲ್ಲಿ ನಾಲ್ಕು ತೂತಿಂದು ಇಲ್ವಾ?”

ಆ ತಾಯಿ ಗುಲೆಯಮ್ಮನಿಗೆ ಕುರ್ದ್ ಭಾಷೆ ಬಿಟ್ಟು ಬೇರೆ ಬಾರದು. ಮಗಳು, ಮಗ ಶೆಮೋ ಮತ್ತು ಅವರು ಗುಡ್ಡದ ಮೇಲಿನ ಒಂದು ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದರು. ಶೆಮೋ ಗಾರೆ ಕೆಲಸದವನು.

ಆ ದಿನ. ರಂಜಾನಿನ ಇಪ್ಪತ್ತೆಂಟನೆಯ ಉಪವಾಸ. ಹಬ್ಬಕ್ಕೆ ಹೊಸ ಬಟ್ಟೆ ಬೇಕೇ ಬೇಕು, ಹಾಗಾಗಿ ಊರಿನ ಅರ್ಧ ಜನ ಆ ಅಂಗಡಿಯಲ್ಲಿದ್ದರು. ಮೂರೂವರೆ ದಾಟಿತ್ತು. ಯೆತೆರ್ ಕೋಟು ಕೂಡ ಹಾಕದೆ, ಕೊರಳಲ್ಲಿ ಟೇಪು ನೇತುಹಾಕಿಕೊಂಡು ಓಡಿ ಬಂದಳು. ತುಟಿ ಒಣಗಿ ಬಿಳಿಯಾಗಿತ್ತು.

“ಕಪ್ಪು ದಾರ ಅಕ್ಕಾ, ಆರು ರೀಲು. ಬೇಗ. ಇಫ್ತಾರಿಗೆ ಮುಂಚೆ ನಲವತ್ತು ಪ್ಯಾಂಟು ಇಳಿಸ್ಬೇಕು.”

ನಾನು ರೀಲು ತೆಗೆಯುತ್ತಾ ಎಂದಿನಂತೆ ಕೇಳಿದೆ, “ಇಸ್ತ್ರಿ ತೆಗ್ದು ಬಂದ್ಯಾ?”

ಅವಳು ಬೆರಳು ಮಡಚಲು ಹೋಗಿ ನಿಲ್ಲಿಸಿದಳು. “ನಿಜ ಹೇಳ್ಲಾ? ನೆನಪೇ ಇಲ್ಲ. ಹೊಟ್ಟೇಲಿ ಏನಿಲ್ಲ, ತಲೆ ಓಡ್ತಾ ಇಲ್ಲ.”

“ಹಾಗಾದ್ರೆ ಅಂಗಡಿ ಸುಟ್ಟು ಹೋಗಿರತ್ತೆ ಬಿಡು,” ಎಂದೆ.

ನಕ್ಕಳು. ರೀಲುಗಳನ್ನು ಏಪ್ರನ್ನಿನ ಜೇಬಿಗೆ ತುಂಬಿಕೊಂಡು ತಿರುಗಿದಳು. ಮೇಲಿನ ಅಂತಸ್ತಿನ ಅರೆತೆರೆದ ಕಿಟಕಿಯಿಂದ ಹೊಗೆ ಬರುತ್ತಿತ್ತು. ತೆಳ್ಳಗೆ, ಬೂದುಬಣ್ಣದ್ದು.

“ಅಯ್ಯೋ, ನನ್ ಇಸ್ತ್ರಿ!”

ಬಾಟಲಿ ಎಸೆದದ್ದು ಪಕ್ಕದ ಓಣಿಯ ಕಡೆಯಿಂದ. ನನ್ನ ಅಂಗಡಿಯಿಂದ ಆ ಓಣಿ ಕಾಣುವುದಿಲ್ಲ. ಕೆಳಗೆ ರಟ್ಟಿನ ಪೆಟ್ಟಿಗೆಗಳ ರಾಶಿ ಹೊತ್ತಿಕೊಂಡಿತ್ತು. ಬೀದಿಯಲ್ಲಿ ನಿಂತ ನಮಗೆ ಮೊದಲು ಕಂಡದ್ದು ಅವಳ ಕಿಟಕಿಯ ಹೊಗೆ. ನಾನು ಅವಳ ತೋಳು ಹಿಡಿಯಲು ಹೋದೆ, ಬರೀ ಕೊರಳ ಟೇಪು ಕೈಗೆ ಬಂತು. ಬೀದಿ ದಾಟಿ ಮುಂಬಾಗಿಲಿನಿಂದ ನುಗ್ಗಿದಳು. ಅವಳು ಒಳಗೆ ಹೋದ ಮೇಲೆಯೇ ಜನ ಕಿರುಚುತ್ತಾ ಹೊರಕ್ಕೆ ಬರತೊಡಗಿದ್ದು. ಆಮೇಲೆ ಕೆಳಗಿನ ಗಾಜು ಒಡೆಯಿತು. ಆಮೇಲೆ ಯಾರೂ ಬರಲಿಲ್ಲ. ಮೇಲಿನ ಸರಳುಗಳಲ್ಲಿ ಕೈಗಳು ಕಂಡವು. ಶಾಬಾನ್ ಹಿಂದಿನ ಬಾಗಿಲನ್ನು ಕಬ್ಬಿಣದ ಸರಳಿನಿಂದ ಬಡಿದು ಬಡಿದು ಅಂಗೈ ಸೀಳಿಕೊಂಡ. ಅದು ತೆರೆಯಲಿಲ್ಲ.

ಮರುದಿನ ಪೊಲೀಸರು ನನ್ನನ್ನು ಕರೆಸಿದರು.

“ಎಲ್ರೂ ಹೊರಗೆ ಓಡ್ಬೇಕಾದ್ರೆ ಆಕೆ ಒಳಗ್ಯಾಕಮ್ಮಾ ಓಡಿದ್ಲು?”

“ಇಸ್ತ್ರಿ ತೆಗೆಯೋಕೆ.”

ಅಧಿಕಾರಿ ಪೆನ್ನು ಎತ್ತಿ ಹಿಡಿದ. “ಯಾವ ಇಸ್ತ್ರಿ?”

“ಬಟ್ಟೆ ಇಸ್ತ್ರಿ. ಹೊಗೆ ತನ್ ಇಸ್ತ್ರಿದು ಅಂದ್ಕೊಂಡ್ಲು. ಅವಳಿಗೆ ಮೊದಲಿಂದ ಆ ಭಯ. ಬೀದೀಲಿ ಯಾರನ್ನಾದ್ರೂ ಕೇಳಿ.”

ಬೀದಿಯವರನ್ನು ಕೇಳಿದ್ದರು. ನೆಜ್ದೆತ್ ಸಾಹೇಬರು ಆಗಲೇ ಸಹಿ ಹಾಕಿದ ಹೇಳಿಕೆಯನ್ನು ಅವನು ಓದಿ ಹೇಳಿದ: ಆಕೆ ತಿಂಗಳುಗಟ್ಟಲೆಯಿಂದ ಹಿಂಬಾಗಿಲಿನ ಕೀಲಿ ಕೇಳುತ್ತಿದ್ದಳು.

“ಕೀಲಿ ಯಾಕೆ ಕೇಳ್ತಿದ್ಲು?”

“ನಿನ್ನೆ ಆಯ್ತಲ್ಲ, ಅದಕ್ಕೇ.”

“ಅವಳ ಹಳ್ಳಿ ಖಾಲಿ ಮಾಡಿಸಿದ್ದು ದಾಖಲೇಲಿದೆ. ಸಿಟ್ಟಿತ್ತಾ?”

“ಸುಸ್ತಿತ್ತು,” ಎಂದೆ. ಬರೆದುಕೊಳ್ಳಲಿಲ್ಲ. ನಾನು ಕೊನೆಗೆ ಆಡಿದ ತಮಾಷೆಯ ಮಾತನ್ನು ಅವನಿಗೆ ಹೇಳಲಿಲ್ಲ.

ತನಿಖೆ ಮುಗಿಯುವವರೆಗೆ ಹೆಣ ಕೊಡುವುದಿಲ್ಲ ಎಂದರು. ಉಳಿದ ಹತ್ತು ಜನರನ್ನು ಹಬ್ಬದ ಹಿಂದಿನ ದಿನವೇ ಮಣ್ಣು ಮಾಡಿದರು. ಮಂತ್ರಿಗಳು ಬಂದಿದ್ದರು, ಬಾವುಟ ಹೊದಿಸಿದ್ದರು. ನಾನು ಗುಡ್ಡ ಹತ್ತಿ ನೆಲಮಾಳಿಗೆಗೆ ಹೋದೆ. ಗುಲೆಯಮ್ಮ ಗೋಡೆಗೆ ಒರಗಿ ಕೂತಿದ್ದರು. ಅಕ್ಕಪಕ್ಕದವರಾರೂ ಸಾವಿನ ಮನೆಗೆ ಊಟ ತಂದಿರಲಿಲ್ಲ. ನಾನು ತಂದ ಬೇಳೆ ಸಾರಿನ ಪಾತ್ರೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ. ನಡೆದದ್ದನ್ನೆಲ್ಲ ಹೇಳಿದೆ. ಆ ತಮಾಷೆಯನ್ನೂ ಹೇಳಿದೆ. ಶೆಮೋ ಒಂದೊಂದೇ ವಾಕ್ಯವನ್ನು ತಾಯಿಗೆ ಅವರ ಭಾಷೆಯಲ್ಲಿ ಒಪ್ಪಿಸಿದ. ಆ ಮಾತು ಬಂದಾಗ ಸ್ವಲ್ಪ ತಡೆದು, ನನ್ನ ಮುಖ ನೋಡಿ, ಅದನ್ನೂ ಒಪ್ಪಿಸಿದ.

ಮುದುಕಿ ಒಂದೇ ಮಾತು ಕೇಳಿದರು.

“ಅಮ್ಮ ಕೇಳ್ತಿದಾಳೆ,” ಎಂದ ಶೆಮೋ, “ಬೆಸೆ ನಿಜವಾಗ್ಲೂ ಇಸ್ತ್ರಿ ಬಿಟ್ಟು ಬಂದಿದ್ಲಾ ಅಂತ. ಆ ಹತ್ತು ಜನರಲ್ಲಿ ಮೇಲೆ ಸತ್ತೋರು ಯಾರಾದ್ರೂ ಅವಳ ಇಸ್ತ್ರಿಯಿಂದ ಸತ್ರಾ ಅಂತ. ಹಾಗಿದ್ರೆ ಅವರ ತಾಯಂದಿರ ಹತ್ರ ಹೋಗಿ ಕ್ಷಮೆ ಕೇಳ್ಬೇಕಂತೆ. ಮಗಳನ್ನ ಹೂಳೋಕೆ ಮುಂಚೆ.”

ಬೆಂಕಿ ಆರಿಸಲು ಮೇಲೆ ಹತ್ತಿದವರನ್ನು ಕೇಳಿ ಬಂದು ಹೇಳುತ್ತೇನೆ ಎಂದೆ.

ಹಬ್ಬದ ಮೂರು ದಿನ ಕಳೆದ ಮೇಲೆ ಅಗ್ನಿಶಾಮಕ ಠಾಣೆಗೆ ಹೋದೆ. ಒಳಗೆ ಬಿಡಲಿಲ್ಲ. ಎರಡನೆಯ ಸಲ ಅರ್ಜಿ ಬರೆದುಕೊಡಿ ಎಂದರು. ಮೂರನೆಯ ಸಲ, ಅಂದು ಮೇಲಿನ ಅಂತಸ್ತಿಗೆ ಮೊದಲು ಹತ್ತಿದ ಹವಾಲ್ದಾರನೇ ಸಿಕ್ಕ. ತುರ್ಗಾಯ್ ಎಂದು ಹೆಸರು, ಅಗಲ ಮುಖದ ಮನುಷ್ಯ. ಎರಡೂ ಕೈಗೆ ಬ್ಯಾಂಡೇಜು ಇತ್ತು.

“ಇಸ್ತ್ರಿನಾ?” ಎಂದ. ಅವನು ನಗಲಿಲ್ಲ. “ಕೂತ್ಕೊಳ್ಳಿ ಅಕ್ಕಾ.”

ಕಪಾಟಿನಿಂದ ತನ್ನ ಟಿಪ್ಪಣಿ ಪುಸ್ತಕ ತೆಗೆದ. ಬೆಂಕಿ ಮೇಲಿನವರೆಗೆ ಹೋಗಿರಲಿಲ್ಲ, ಹೋದದ್ದು ಹೊಗೆ ಮಾತ್ರ ಎಂದ. ಮೆಟ್ಟಿಲುದಾರಿ ಹೊಗೆಗೊಳವೆಯಾಗಿ, ಕೆಳಗಿನದ್ದೆಲ್ಲ ನೇರ ಮೇಲಕ್ಕೆ ಏರಿ, ಎಲ್ಲಿ ಕಿಟಕಿ ತೆರೆದಿತ್ತೋ ಅಲ್ಲಿ ಮೊದಲು ಹೊರಬಿತ್ತಂತೆ. ಆಲ್ಟರೇಶನ್ ಕೋಣೆಯಲ್ಲಿ ಒಂದು ದಾರ ಕೂಡ ಸುಟ್ಟಿರಲಿಲ್ಲ.

“ಅಂಥ ಕೋಣೆಗೆ ಹೋದ್ರೆ ಮೊದಲು ಇಸ್ತ್ರಿ ನೋಡೋದು ನಮ್ಮ ರೂಢಿ,” ಎಂದು ಪುಟ ತಿರುಗಿಸಿದ. “ಇಲ್ಲಿ ಬರ್ದಿದೀನಿ. ನಮ್ಮನೇಲಿ ಯಾರೂ ಹಿಂಗೆ ಇಡಲ್ಲ, ಅದಕ್ಕೇ ಬರ್ದೆ.”

ಅವನು ಓದಿದ. ಇನ್ನೊಮ್ಮೆ ಓದಲು ಹೇಳಿದೆ. ಆಮೇಲೆ ಅವನು ಬ್ಯಾಂಡೇಜಿನ ಕೈಯಲ್ಲೇ ಆ ಪುಟವನ್ನು ಬೇರೆ ಹಾಳೆಗೆ ನಕಲು ಮಾಡಿ, ಸಹಿ ಹಾಕಿ, ಠಾಣೆಯ ಮೊಹರು ಒತ್ತಿಸಿ ಕೊಟ್ಟ.

ಆ ಹಾಳೆಯನ್ನು ಸರ್ಕಾರಿ ವಕೀಲರ ಕಚೇರಿಯಲ್ಲಿ ತೆಗೆದುಕೊಂಡರು. ಸಾವು ನಡೆದ ಹದಿಮೂರನೆಯ ದಿನ ಹೆಣ ಕೊಟ್ಟರು. ಬಾವುಟ ಇರಲಿಲ್ಲ, ಮಂತ್ರಿಗಳು ಇರಲಿಲ್ಲ. ಶೆಮೋನ ಜೊತೆಯ ಗಾರೆಯವರು, ಶಾಬಾನ್, ಬೀದಿಯ ನಾಲ್ಕು ಜನ. ಪತ್ರಿಕೆ ಏನನ್ನೂ ತಿದ್ದಲಿಲ್ಲ. ನಲವತ್ತನೆಯ ದಿನಕ್ಕೆ ನೆಜ್ದೆತ್ ಸಾಹೇಬರು ಸುಟ್ಟ ಅಂಗಡಿಯ ಗೋಡೆಗೆ ಅಮೃತಶಿಲೆಯ ಹಲಗೆ ಹಾಕಿಸಿದರು, ಹತ್ತು ಹೆಸರು. ನಾನು ಹಾಳೆಯ ಇನ್ನೊಂದು ನಕಲು ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ಓದಿದರು. ಬಾಯಲ್ಲಿ ದಾರವಿಲ್ಲದೆಯೂ ಅವರು ಸುಮ್ಮನೆ ಕೂತದ್ದು ಅದೊಂದೇ ಸಲ. ವಾರದ ನಂತರ ಹನ್ನೊಂದನೆಯ ಹೆಸರು ಕೆತ್ತಿಸಿದರು. ಜಾಗವಿಲ್ಲದ್ದರಿಂದ ಅಕ್ಷರ ಸಣ್ಣವು, ಹತ್ತಿರ ಹೋದರೆ ಓದಬಹುದು.

ಆದರೆ ಹಾಳೆಯನ್ನು ಇವರಿಗೆಲ್ಲ ತೋರಿಸುವ ಮೊದಲು, ಠಾಣೆಯಿಂದ ನೇರ ನಾನು ಹೋದದ್ದು ನೆಲಮಾಳಿಗೆಗೆ. ಗುಲೆಯಮ್ಮ ಅದೇ ಗೋಡೆಗೆ ಒರಗಿದ್ದರು. ನಾನು ಓದಿದೆ, ಶೆಮೋ ಅವರ ಭಾಷೆಗೆ ತಿರುಗಿಸಿದ. ಕೋಣೆಯಲ್ಲಿ ಬೆಂಕಿ ಇಲ್ಲ. ಮೃತಳು ಮೇಜಿನ ಪಕ್ಕ ನೆಲದ ಮೇಲೆ, ಏಪ್ರನ್ನಿನ ಜೇಬಿನಲ್ಲಿ ಕಪ್ಪು ದಾರದ ಆರು ರೀಲು. ಮೇಜಿನ ಮೇಲೆ ಇಸ್ತ್ರಿ ಒಂದು.

“ಬಿಟ್ಟು ಬಂದಿದ್ಲಾ?” ಎಂದು ಮುದುಕಿ ಮತ್ತೆ ಕೇಳಿದ್ದು ಭಾಷೆ ಬಾರದ ನನಗೂ ತಿಳಿಯಿತು.

ಮೊದಲು ಬಿಟ್ಟು ಬಂದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ, ಅದಕ್ಕೇ ಹೋದಳು. ಬಿಟ್ಟಿದ್ದರೂ ಅದರಿಂದ ಯಾರೂ ಸಾಯಲಿಲ್ಲ ಎಂದೆ. ಉಳಿದ ಎರಡು ಸಾಲು ಓದಿದೆ. ಹೊರಡುವ ಮೊದಲೋ, ಇಲ್ಲ ಮೂರು ಮಹಡಿ ಹತ್ತಿ ಆ ಹೊಗೆಯಲ್ಲಿ ಕಣ್ಣು ಕಾಣದೆ ಕೈಯಲ್ಲೇ ತಡವಿಯೋ, ಅವಳು ಪ್ಲಗ್ ಕಿತ್ತಿದ್ದಳು. ವಯರನ್ನು ಹಿಡಿಗೆ ಮೂರು ಸುತ್ತು ಸುತ್ತಿದ್ದಳು. ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ಮೂತಿಯನ್ನು ಗೋಡೆಗೆ ತಿರುಗಿಸಿದ್ದಳು.